ಕಾಣುವ ಕೆಂಪು, ಕಾಣದ ಕೆಂಪು

1867ರಲ್ಲಿ ಚಾರ್ಲ್ಸ್ ಡಾರ್ವಿನ್ 16 ಪ್ರಶ್ನೆಗಳ ಒಂದು ಪಟ್ಟಿ ಮಾಡಿ, ದೂರದೇಶಗಳಲ್ಲಿದ್ದ ಪಾದ್ರಿಗಳಿಗೂ ಅಧಿಕಾರಿಗಳಿಗೂ ಕಳಿಸಿದ. ಆಶ್ಚರ್ಯವಾದಾಗ ಅಲ್ಲಿಯ ಜನ ಕಣ್ಣರಳಿಸಿ ಬಾಯಿ ತೆರೆಯುತ್ತಾರೆಯೇ ಎಂಬುದು ಮೊದಲ ಪ್ರಶ್ನೆ. ಎರಡನೆಯದು ನಾಚಿಕೆಯ ಬಗ್ಗೆ: ನಾಚಿಕೆಯಾದಾಗ ಅವರ ಮುಖ ಕೆಂಪಾಗುತ್ತದೆಯೇ? ಚರ್ಮದ ಬಣ್ಣ ಆ ಕೆಂಪನ್ನು ಕಾಣಗೊಡುವುದಾದರೆ, ಅದು ಮೈಮೇಲೆ ಎಲ್ಲಿಯವರೆಗೆ ಇಳಿಯುತ್ತದೆ?

ಹಿಂದೂಸ್ತಾನದಿಂದಲೂ ಉತ್ತರ ಹೋದವು. ಕಲ್ಕತ್ತದ ಸಸ್ಯೋದ್ಯಾನದಲ್ಲಿದ್ದ ಜೆ. ಸ್ಕಾಟ್ ಕಂಡದ್ದನ್ನು ಸರಿಯಾಗಿ ಕಂಡು ಬರೆದಿದ್ದ. ಸಿಕ್ಕಿಮಿನ ಲೆಪ್ಚಾ ಜನರಲ್ಲಿ, ಸುಳ್ಳು ಹೇಳಿ ಸಿಕ್ಕಿಬಿದ್ದಾಗ, ಕೆನ್ನೆ, ಕಿವಿಯ ಬುಡ, ಕುತ್ತಿಗೆಯ ಪಕ್ಕಗಳಲ್ಲಿ ತೆಳುವಾದ ಕೆಂಪು ಕಾಣುತ್ತದೆ. ಉಳಿದ ಭಾರತೀಯರಲ್ಲಿ ಹಾಗಲ್ಲ. ಅವರ ನಾಚಿಕೆ ಬಣ್ಣಕ್ಕಿಂತ ಹೆಚ್ಚು ಸ್ಪಷ್ಟವಾಗಿ ತಿಳಿಯುವುದು ತಲೆ ತಗ್ಗಿಸುವುದರಲ್ಲಿ, ಮುಖ ತಿರುಗಿಸುವುದರಲ್ಲಿ, ನೆಲೆ ನಿಲ್ಲದ ಓರೆಗಣ್ಣಿನಲ್ಲಿ. ಡಾರ್ವಿನ್ ಇದನ್ನೆಲ್ಲ 1872ರಲ್ಲಿ, ಮನುಷ್ಯರೂ ಪ್ರಾಣಿಗಳೂ ಭಾವಗಳನ್ನು ತೋರುವ ಬಗೆಯ ಕುರಿತ ತನ್ನ ಪುಸ್ತಕದಲ್ಲಿ ಸೇರಿಸಿದ. ನಾಚಿ ಕೆಂಪಾಗುವುದಕ್ಕೆಂದೇ ಅದರಲ್ಲಿ ಒಂದು ಪೂರ್ತಿ ಅಧ್ಯಾಯವಿದೆ. ಎಲ್ಲ ಭಾವಪ್ರಕಟಣೆಗಳಲ್ಲಿ ಇದೇ ಅತ್ಯಂತ ವಿಚಿತ್ರ, ಇದೇ ಅತ್ಯಂತ ಮಾನವೀಯ ಎಂಬುದು ಅವನ ತೀರ್ಮಾನ. ಕೋತಿಗಳು ಸಿಟ್ಟಿಗೆ ಕೆಂಪಾಗುತ್ತವೆ. ನಾಚಿಕೊಂಡು ಕೆಂಪಾಗುವ ಪ್ರಾಣಿಯೊಂದು ಇದೆಯೆಂದು ನಂಬಲು ಅವನಿಗೆ ಯಾವ ಆಧಾರವೂ ಸಿಗಲಿಲ್ಲ.

ಇದಕ್ಕೆ ಇಂಗ್ಲಿಷಿನಲ್ಲಿರುವ ಪದ ಬ್ಲಶ್. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಕೆಂಪಗೆ ಹೊಳೆಯುವುದು, ಅಷ್ಟೇ. ಮನಸ್ಸಿನ ಸಂಗತಿ ಆಮೇಲೆ ಸೇರಿಕೊಂಡಿತು. ಇವತ್ತು ನಮ್ಮ ಕಾಲೇಜು ಹುಡುಗರ ಮಾತಿನಲ್ಲಿ ‘ಬ್ಲಶ್ ಮಾಡ್ತಿದಾನೆ ನೋಡು’ ಎಂದು ಅದು ಸಲೀಸಾಗಿ ಓಡಾಡುತ್ತಿದೆ. ಹೊಗಳಿಕೆಗೆ ನಾಚಿ ನಕ್ಕರೂ ಬ್ಲಶ್, ಹೆಸರು ಹೇಳಿ ಛೇಡಿಸಿದಾಗ ಮುಖ ತಿರುಗಿಸಿಕೊಂಡರೂ ಬ್ಲಶ್. ಇಂಗ್ಲಿಷಿನಲ್ಲಿ ಅದರ ಪಕ್ಕದಲ್ಲೇ ಫ್ಲಶ್ ಎಂಬ ಇನ್ನೊಂದು ಪದವಿದೆ. ಬಳಸುವವರು ಎಡವುವುದು ಹೆಚ್ಚಾಗಿ ಅಲ್ಲಿಯೇ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದು ಕೆಂಪಾದ ಮುಖ, ಜ್ವರದ ಮುಖ, ಓಡಿ ಬಂದವನ ಮುಖ, ಕುಡಿದವನ ಮುಖ, ಸಿಟ್ಟಿನ ಮುಖ ಇವೆಲ್ಲ ಫ್ಲಶ್. ಇನ್ನೊಬ್ಬರ ಕಣ್ಣು ತನ್ನ ಮೇಲಿದೆ ಎಂಬ ಅರಿವಿನಿಂದ ಏರುವ ಕೆಂಪು ಮಾತ್ರ ಬ್ಲಶ್. ‘ಅಟ್ ಫಸ್ಟ್ ಬ್ಲಶ್’ ಎಂಬ ನುಡಿಗಟ್ಟು ಇದಕ್ಕೆ ಹೊರತು. ಒಂದು ಕಾಲಕ್ಕೆ ಬ್ಲಶ್ ಎಂದರೆ ನೋಟ ಎಂಬ ಅರ್ಥವೂ ಇತ್ತು, ಅದರಿಂದ ಉಳಿದುಬಂದದ್ದು ಈ ನುಡಿಗಟ್ಟು. ಮೊದಲ ನೋಟಕ್ಕೆ ಎಂದಷ್ಟೇ ಅದರ ಅರ್ಥ, ನಾಚಿಕೆಯ ಸೋಂಕು ಅದಕ್ಕಿಲ್ಲ.

ಬ್ಲಶ್, ಫ್ಲಶ್ ಎಂಬ ಈ ಎರಡರ ವ್ಯತ್ಯಾಸ ನಿಘಂಟಿನ ಜಗಳವಲ್ಲ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಕಾರಣವೇ ಇಲ್ಲದೆ ಎದೆಯಿಂದ ಮುಖದವರೆಗೆ ಬಿಸಿ ಏರುತ್ತದೆ. ಕಚೇರಿಯ ಸಭೆಯ ನಡುವೆ ಹಾಗಾದಾಗ ‘ಯಾಕ್ ಮೇಡಂ, ಗಾಬರಿ ಆಯ್ತಾ?’ ಎಂದು ಕೇಳುವವರಿದ್ದಾರೆ. ಗಾಬರಿಯೂ ಇಲ್ಲ, ನಾಚಿಕೆಯೂ ಇಲ್ಲ, ಅದು ದೇಹದ ಉಷ್ಣ ನಿಯಂತ್ರಣದ ಏರುಪೇರು. ಚರ್ಮದ ರೋಗವೊಂದರಲ್ಲಿ ಮೂಗು ಕೆನ್ನೆಗಳು ಸದಾ ಕೆಂಪಗಿರುತ್ತವೆ. ಮುಖದ ಕೆಂಪನ್ನೆಲ್ಲ ಮನಸ್ಸಿನ ಲೆಕ್ಕಕ್ಕೆ ಬರೆದುಕೊಂಡರೆ ಇಂಥವರಿಗೆಲ್ಲ ಅನ್ಯಾಯವಾಗುತ್ತದೆ.

ಇನ್ನು ಕನ್ನಡ. ‘ಅವನ ಮುಖ ಕೆಂಪಾಯಿತು’ ಎಂದು ಹಿಂದುಮುಂದಿಲ್ಲದೆ ಹೇಳಿದರೆ ನಮಗೆ ಮೊದಲು ಹೊಳೆಯುವುದು ಸಿಟ್ಟು. ನಾಚಿಕೆ ಎಂದು ತಿಳಿಯಬೇಕಾದರೆ ‘ನಾಚಿ’ ಎಂಬುದನ್ನು ಮುಂದೆ ಸೇರಿಸಬೇಕು. ಅವಮಾನವಾದರೆ ನಮ್ಮ ಮುಖ ಕಪ್ಪಿಡುತ್ತದೆ, ಸಣ್ಣದಾಗುತ್ತದೆ, ಬಾಡುತ್ತದೆ. ನಾಚಿದವರು ನೀರಾಗುತ್ತಾರೆ, ತಲೆ ತಗ್ಗಿಸುತ್ತಾರೆ, ಸೆರಗಿನ ತುದಿ ಬೆರಳಿಗೆ ಸುತ್ತುತ್ತಾರೆ, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾರೆ. ನಾಟ್ಯಶಾಸ್ತ್ರ ಹೇಳುವುದೂ ಇದನ್ನೇ. ಭರತಮುನಿ ಬಂದು ಹೋಗುವ ಭಾವಗಳಾದ 33 ವ್ಯಭಿಚಾರಿಭಾವಗಳಲ್ಲಿ ಒಂದಾಗಿ ವ್ರೀಡೆಯನ್ನು, ಎಂದರೆ ನಾಚಿಕೆಯನ್ನು, ಎಣಿಸಿ ಅದನ್ನು ಅಭಿನಯಿಸುವ ಬಗೆ ಹೇಳುತ್ತಾನೆ: ಮುಖ ಮರೆಮಾಡುವುದು, ತಲೆ ತಗ್ಗಿಸಿ ಚಿಂತಿಸುವುದು, ನೆಲದ ಮೇಲೆ ಗೆರೆ ಎಳೆಯುವುದು, ಬಟ್ಟೆಯನ್ನೋ ಉಂಗುರವನ್ನೋ ಮುಟ್ಟಿಕೊಳ್ಳುವುದು, ಉಗುರು ಕಚ್ಚುವುದು. ಈ ಪಟ್ಟಿಯಲ್ಲಿ ಕೆಂಪು ಇಲ್ಲ. ಮೈಬಣ್ಣ ಬದಲಾಗುವುದನ್ನು ಭರತ ಗಮನಿಸಿರಲಿಲ್ಲವೆಂದೂ ಅಲ್ಲ. ಮೈಮೇಲೆ ತಾನಾಗಿ ತೋರುವ ಎಂಟು ಸಾತ್ವಿಕಭಾವಗಳಲ್ಲಿ ವೈವರ್ಣ್ಯ, ಎಂದರೆ ಬಣ್ಣಗೆಡುವುದು, ಒಂದು. ಚಳಿ, ಕೋಪ, ಭಯ, ಶ್ರಮ, ರೋಗ, ತಾಪ ಎಂದು ಅದರ ಕಾರಣಗಳನ್ನು ಹೇಳುವಾಗ ಲಜ್ಜೆಯನ್ನು ಬಿಟ್ಟು, ಬೆವರಿನ ಕಾರಣಗಳಲ್ಲಿ ಲಜ್ಜೆಯನ್ನು ಸೇರಿಸಿದ್ದಾನೆ. ನಮ್ಮ ಮೈಬಣ್ಣಗಳನ್ನು ದಿನನಿತ್ಯ ನೋಡಿದವನ ಕಣ್ಣು ಅದು. ಕಾಳಿದಾಸನ ಪಾರ್ವತಿ ತನ್ನ ಮದುವೆಯ ಮಾತು ನಡೆಯುತ್ತಿರುವಾಗ ತಂದೆಯ ಪಕ್ಕದಲ್ಲಿ ತಲೆ ತಗ್ಗಿಸಿ ಕೈಯಲ್ಲಿದ್ದ ತಾವರೆಯ ಎಸಳು ಎಣಿಸುತ್ತಾಳೆ. ಅವಳ ಕೆನ್ನೆಯ ಬಣ್ಣ ಏನಾಯಿತೆಂದು ಕವಿ ಅಲ್ಲಿ ಹೇಳುವುದಿಲ್ಲ, ನಮಗೆ ಕೊರತೆಯೂ ಎನಿಸುವುದಿಲ್ಲ. ಯಕ್ಷಗಾನದಲ್ಲಂತೂ ಬಣ್ಣ ಬಳಿದ ಮುಖ ಕೆಂಪಾಗಲು ಎಡೆಯೇ ಇಲ್ಲ. ಸ್ತ್ರೀವೇಷದವರು ಕತ್ತು, ಕಣ್ಣು, ಕೈಗಳಲ್ಲೇ ಅದನ್ನು ತೋರಿಸಬೇಕು, ತೋರಿಸುತ್ತಾರೆ.

ಕಲ್ಕತ್ತದಿಂದ ಸ್ಕಾಟ್ ಬರೆದದ್ದಕ್ಕೂ ಭರತನ ಪಟ್ಟಿಗೂ ಇರುವ ಹೋಲಿಕೆ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಏಕೆಂದರೆ ಹೊರಗೆ ಕೆಂಪು ಕಾಣಲಿ ಬಿಡಲಿ, ಒಳಗೆ ನಡೆಯುವುದು ಒಂದೇ.

ನಾಚಿಕೆಯಾದ ಕ್ಷಣದಲ್ಲಿ ಅನುವೇದಕ ನರಮಂಡಲ ಎಚ್ಚೆತ್ತುಕೊಳ್ಳುತ್ತದೆ. ಹಾವು ಕಂಡಾಗ ಓಡಲು ಮೈಯನ್ನು ಸಜ್ಜು ಮಾಡುವ ವ್ಯವಸ್ಥೆಯೇ ಇದು. ಭಯದಲ್ಲಿ ಅದು ಕೈಕಾಲುಗಳ ಚರ್ಮದ ರಕ್ತನಾಳಗಳನ್ನು ಬಿಗಿಯುತ್ತದೆ, ಆದ್ದರಿಂದಲೇ ಅಂಗೈ ತಣ್ಣಗಾಗುತ್ತದೆ. ನಾಚಿಕೆಯಲ್ಲಿ ಮುಖದ ಚರ್ಮದ ಮಟ್ಟಿಗೆ ಕೆಲಸ ಉಲ್ಟಾ: ನಾಳಗಳು ಹಿಗ್ಗುತ್ತವೆ. ಮುಖದಲ್ಲಿ ಸೂಕ್ಷ್ಮ ರಕ್ತನಾಳಗಳು ದಟ್ಟವಾಗಿವೆ, ಚರ್ಮದ ಮೇಲ್ಪದರಕ್ಕೆ ಹತ್ತಿರವಾಗಿಯೂ ಇವೆ. 1982ರಲ್ಲಿ ಸ್ವೀಡನ್ನಿನ ಮೆಲಾಂಡರ್ ಮತ್ತು ಸಂಗಡಿಗರು ಮನುಷ್ಯರ ಮುಖದ ಅಭಿಧಮನಿಯನ್ನು ಪರೀಕ್ಷಿಸಿ, ಅಡ್ರಿನಲಿನ್ ಜಾತಿಯ ರಾಸಾಯನಿಕಗಳಿಗೆ ಹಿಗ್ಗುವ ಮೂಲಕ ಸ್ಪಂದಿಸುವ ಬೀಟಾ ಗ್ರಾಹಕಗಳು ಅದರಲ್ಲಿರುವುದನ್ನು ತೋರಿಸಿದರು. ರಕ್ತದೊತ್ತಡಕ್ಕೂ ಎದೆಬಡಿತಕ್ಕೂ ಕೊಡುವ ಪ್ರೊಪ್ರನಾಲಾಲ್ ಮಾತ್ರೆ ಇಂಥ ಗ್ರಾಹಕಗಳನ್ನು ತಡೆಯುತ್ತದೆ. ಅದು ಕೆಂಪಾಗುವಿಕೆಯನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಎಂದರೆ ಬೇರೆ ದಾರಿಗಳೂ ಇವೆ.

ಇಚ್ಛೆಗೆ ಇದರಲ್ಲಿ ಪಾತ್ರವೇ ಇಲ್ಲ. ನಗುವನ್ನು ನಟಿಸಬಹುದು, ಪಳಗಿದವರು ಕಣ್ಣೀರನ್ನೂ ತರಿಸಿಕೊಳ್ಳುತ್ತಾರೆ, ಕೆಂಪನ್ನು ಕರೆಯಲೂ ಆಗದು, ತಡೆಯಲೂ ಆಗದು. ತಡೆಯಲು ಹೊರಟರೆ ಹೆಚ್ಚುತ್ತದೆ. ಆಸ್ಟ್ರೇಲಿಯಾದ ಮರ್ಡಾಕ್ ವಿಶ್ವವಿದ್ಯಾಲಯದ ಪೀಟರ್ ಡ್ರಮಂಡ್ ಈ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದವರು. 2004ರಲ್ಲಿ ಅವರ ಪ್ರಯೋಗವೊಂದು ಪ್ರಕಟವಾಯಿತು. ಒಬ್ಬರ ಮುಖದ ಒಂದೇ ಮಗ್ಗುಲನ್ನು ಹತ್ತಿರದಿಂದ ದಿಟ್ಟಿಸಿ ನೋಡುವುದು, ಎರಡೂ ಕಡೆಯ ರಕ್ತದ ಹರಿವನ್ನು ಅಳೆಯುವುದು. ದಿಟ್ಟಿಸಿದ ಕಡೆಯಲ್ಲೇ ಹರಿವು ಹೆಚ್ಚಿತು. ನೋಟ ಕೆನ್ನೆಗೆ ತಾಗಿತು ಎಂದು ಕಥೆಗಾರರು ಬರೆದರೆ ಅಲಂಕಾರ ಎಂದುಕೊಳ್ಳುತ್ತೇವೆ. ಅಳತೆಯಲ್ಲೂ ಅದು ಹೀಗೆ ಸಿಗುತ್ತದೆ.

ಮಿದುಳಿನಲ್ಲಿ ಏನಾಗುತ್ತದೆ ಎಂದು ನೋಡುವ ಸಾಹಸವನ್ನು ಆಮ್‌ಸ್ಟರ್‌ಡಾಮಿನ ಮಿಲಿಟ್ಸಾ ನಿಕೋಲಿಚ್ ಮತ್ತು ಸಂಗಡಿಗರು ಮಾಡಿ 2024ರಲ್ಲಿ ಪ್ರಕಟಿಸಿದರು. 16ರಿಂದ 20 ವರ್ಷದ ಹುಡುಗಿಯರಿಂದ ಕ್ಯಾರಿಯೋಕೆ ಹಾಡಿಸಿದರು. ಹಾಡುಗಳನ್ನೂ ಹುಡುಕಿ ಆರಿಸಿದ್ದರು, ಅಡೆಲ್ ಹಾಡಿದ್ದು, ಮರಾಯಾ ಕ್ಯಾರಿ ಹಾಡಿದ್ದು, ಹೀಗೆ ಸಾಮಾನ್ಯರ ಗಂಟಲಿಗೆ ಎಟುಕದಂಥವು. ಆಮೇಲೆ ಅವರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಅವರವರದೇ ಹಾಡಿನ ವಿಡಿಯೊ ತೋರಿಸುತ್ತ ಕೆನ್ನೆಯ ಉಷ್ಣತೆ ಅಳೆದರು. ಇತರರ ಹಾಡು ನೋಡುವಾಗಿನದಕ್ಕಿಂತ ತಮ್ಮ ಹಾಡು ನೋಡುವಾಗ ಕೆನ್ನೆ ಹೆಚ್ಚು ಬಿಸಿಯಾಯಿತು. ಮಿದುಳಿನಲ್ಲಿ ಚುರುಕಾದ ಭಾಗಗಳಲ್ಲಿ ಮುಖ್ಯವಾದದ್ದು ಹಿಮ್ಮಿದುಳಿನ ಸೆರೆಬೆಲ್ಲಮ್. ನಡಿಗೆ, ಸಮತೋಲಗಳ ಜತೆಗೆ ಭಾವಗಳಲ್ಲೂ ಅದಕ್ಕೆ ಪಾಲಿದೆಯೆಂದು ಈಚೆಗೆ ತಿಳಿದುಬರುತ್ತಿದೆ. ಇತರರು ನಮ್ಮ ಬಗ್ಗೆ ಏನು ಯೋಚಿಸುತ್ತಿದ್ದಾರೆ ಎಂದು ಲೆಕ್ಕ ಹಾಕುವ ಭಾಗಗಳು ಮುಂದೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ‘ನಾನು ಬಯಲಿಗೆ ಬಿದ್ದೆ’ ಎಂಬ ಉದ್ವೇಗವೇ ಸಾಕು, ‘ಅವರು ಹೀಗೆ ಅಂದುಕೊಂಡಾರು’ ಎಂಬ ಸುತ್ತುಯೋಚನೆ ಬೇಕಿಲ್ಲ ಎಂಬ ಕಡೆಗೆ ಅವರ ಅರ್ಥವಿವರಣೆ ವಾಲುತ್ತದೆ. ಇದು ಒಂದೇ ಪ್ರಯೋಗ, ಭಾಗವಹಿಸಿದವರೆಲ್ಲ ಹರೆಯದ ಹುಡುಗಿಯರು. ಆದರೂ ಡಾರ್ವಿನ್ ಎತ್ತಿದ ಪ್ರಶ್ನೆ ಇಷ್ಟು ದೂರ ಬಂತಲ್ಲ ಎಂದು ಸಂತೋಷವಾಗುತ್ತದೆ.

ಹೀಗೆ ಕೆಂಪಾಗುವುದರಿಂದ ಪ್ರಯೋಜನವೇನು? ಡಾರ್ವಿನ್‌ಗಿಂತ ಮೊದಲೇ, 1839ರಲ್ಲಿ, ಥಾಮಸ್ ಬರ್ಜೆಸ್ ಎಂಬ ವೈದ್ಯ ಇದರ ಬಗ್ಗೆ ಇಡೀ ಪುಸ್ತಕ ಬರೆದಿದ್ದ. ತಪ್ಪು ಮಾಡಿದವನ ಒಳಗು ಕೆನ್ನೆಯ ಮೇಲೆ ಬಯಲಾಗಲಿ, ಅದರಿಂದ ಮನುಷ್ಯ ಹದ್ದಿನಲ್ಲಿರಲಿ ಎಂದು ದೇವರೇ ಹೀಗೆ ಏರ್ಪಡಿಸಿದ್ದಾನೆ ಎಂಬುದು ಅವನ ವಾದ. ಡಾರ್ವಿನ್ ಒಪ್ಪಲಿಲ್ಲ. ತಪ್ಪೇ ಮಾಡದ ಸಂಕೋಚದ ಸ್ವಭಾವದವರು ಏಕೆ ಕೆಂಪಾಗಿ ನರಳಬೇಕು? ಕಪ್ಪು ಚರ್ಮದವರಲ್ಲಿ ಆ ಕೆಂಪು ಕಾಣುವುದೇ ಕಷ್ಟವಾದರೆ ದೇವರ ಏರ್ಪಾಡಿಗೆ ಅರ್ಥವೇನು? ಎರಡೂ ಗಟ್ಟಿ ಪ್ರಶ್ನೆಗಳು. ಡಾರ್ವಿನ್ನನ ಸ್ವಂತ ವಿವರಣೆ ಮಾತ್ರ ಅಷ್ಟು ಗಟ್ಟಿಯಲ್ಲ. ಮುಖದ ಮೇಲೆ ಗಮನ ಹರಿಸಿ ಹರಿಸಿ ಅಲ್ಲಿಯ ನಾಳಗಳು ಸಡಿಲಗೊಳ್ಳುವ ಅಭ್ಯಾಸ ತಲೆಮಾರುಗಳಲ್ಲಿ ಇಳಿದುಬಂತು ಎಂದ. ಅಭ್ಯಾಸ ಹಾಗೆ ವಂಶಪಾರಂಪರ್ಯವಾಗಿ ಇಳಿಯುವುದಿಲ್ಲವೆಂದು ಈಗ ತಿಳಿದಿದೆ.

ಪ್ರಯೋಜನದ ಬಗ್ಗೆ ಹೆಚ್ಚು ನಂಬಬಹುದಾದ ಮಾತು ಬಂದದ್ದು ನೆದರ್ಲೆಂಡ್ಸ್‌ನಿಂದ. ಕೋರಿನ್ ಡೈಕ್, ಪೀಟರ್ ಡಿ ಯಾಂಗ್ ಮತ್ತು ಸಂಗಡಿಗರು 2009ರಲ್ಲಿ, ತಪ್ಪು ಮಾಡಿದವರ ಅಥವಾ ಎಡವಟ್ಟು ಮಾಡಿಕೊಂಡವರ ಕಥೆಗಳನ್ನು ಓದಿಸಿ, ಜತೆಗೆ ಅವರ ಮುಖ ತೋರಿಸಿದರು. ಮುಖ ಕೆಂಪಾಗಿದ್ದವರ ಬಗ್ಗೆ ಓದುಗರ ಅಭಿಪ್ರಾಯ ಮೃದುವಾಗಿತ್ತು. 2011ರ ಇನ್ನೊಂದು ಅಧ್ಯಯನದಲ್ಲಿ ಕಂಪ್ಯೂಟರಿನ ಮೇಲೆ ಹಣದ ಆಟ ಆಡಿಸಿದರು. ಎದುರಾಳಿ ಮೋಸ ಮಾಡಿದ, ಆಮೇಲೆ ಅವನ ಚಿತ್ರ ಬಂತು. ಕೆಂಪಾದ ಮುಖ ಕಂಡವರು ಮುಂದಿನ ಸುತ್ತಿನಲ್ಲಿ ಅವನನ್ನು ಹೆಚ್ಚು ನಂಬಿದರು. ‘ಕ್ಷಮಿಸಿ’ ಎಂಬ ಮಾತನ್ನು ಯಾರೂ ಆಡಬಹುದು. ನಟಿಸಲಾಗದ ಕೆಂಪು, ನಿಮ್ಮ ಗೌರವಕ್ಕೆ ನಾನು ಬೆಲೆ ಕೊಡುತ್ತೇನೆ ಎಂದು ಹೇಳಿಬಿಡುತ್ತದೆ. ಕೆಂಪಾಗುವುದಕ್ಕೆ ಹೆದರುವವರು ಇದನ್ನು ತಿಳಿದಿರಬೇಕು ಎಂದು ನನಗೆ ತೀವ್ರವಾಗಿ ಅನಿಸುತ್ತದೆ. ಅವರು ತಮ್ಮ ಶತ್ರು ಎಂದುಕೊಂಡದ್ದು ಬಹುಪಾಲು ಸಂದರ್ಭಗಳಲ್ಲಿ ಅವರ ಪರವಾಗಿಯೇ ಸಾಕ್ಷಿ ನುಡಿಯುತ್ತಿರುತ್ತದೆ.

ಆದರೆ ಸಾಕ್ಷಿಯನ್ನು ತಪ್ಪಾಗಿ ಓದುವವರೂ ಇದ್ದಾರೆ. ಷೇಕ್ಸ್‌ಪಿಯರನ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದಲ್ಲಿ ಮದುವೆಯ ಮಂಟಪದಲ್ಲೇ ಕ್ಲಾಡಿಯೋ ವಧು ಹೀರೋಳ ಶೀಲದ ಮೇಲೆ ಅಪವಾದ ಹೊರಿಸುತ್ತಾನೆ. ಅವಳ ಮುಖ ಕೆಂಪಾಗುತ್ತದೆ. ನೋಡಿ, ಇದು ಪಾಪದ ಕೆಂಪು ಎಂದು ಅವನು. ಅಲ್ಲೇ ನಿಂತು ಅದೇ ಮುಖ ನೋಡಿದ ಪಾದ್ರಿ, ಇದು ನಿರಪರಾಧಿಯ ಕೆಂಪು ಎಂದು ಗುರುತಿಸುತ್ತಾನೆ. ನಾಟಕ ಮುದ್ರಣವಾದದ್ದು 1600ರಲ್ಲಿ. ಪೆನ್ನು ಕಳೆದುಹೋದ ತರಗತಿಯಲ್ಲಿ ‘ಯಾರು ತೆಗೆದದ್ದು?’ ಎಂದು ಮೇಷ್ಟರು ಕೇಳಿದಾಗ ಕೆಂಪಾದ ಹುಡುಗನೇ ಕಳ್ಳ ಎಂದು ಹೇಳುವ ಅಭ್ಯಾಸ ಇವತ್ತಿಗೂ ಹೋಗಿಲ್ಲ. ಶಂಕೆ ತನ್ನ ಮೇಲೆ ಬರಬಹುದೆಂಬ ಯೋಚನೆಯೊಂದೇ ಕೆಂಪಾಗಲು ಸಾಕು. ಕೆಂಪು ಕಾರಣವನ್ನು ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಕಾಣದ ಕೆಂಪಿನ ವಿಷಯದಲ್ಲಿ ನಡೆಯಿತು. ನಾಚಿ ಕೆಂಪಾಗಲು ಬಾರದವರನ್ನು ನಂಬುವುದು ಹೇಗೆ ಎಂದು ಸ್ಪೇನಿನವರು ದಕ್ಷಿಣ ಅಮೆರಿಕದ ಮೂಲನಿವಾಸಿಗಳನ್ನು ಹೀಗಳೆಯುತ್ತಿದ್ದರು. ಅಲ್ಲಿ ಸುತ್ತಾಡಿದ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಆ ಮಾತನ್ನು ದಾಖಲಿಸಿದ. ಅದಕ್ಕೊಂದು ಆಕ್ಷೇಪವನ್ನೂ ಎತ್ತಲಿಲ್ಲವಲ್ಲ ಎಂದು ಡಾರ್ವಿನ್ ಗುರುತಿಸಿದ್ದಾನೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದ ಥಾಮಸ್ ಜೆಫರ್ಸನ್ ವರ್ಜೀನಿಯಾ ಕುರಿತ ತನ್ನ ಪುಸ್ತಕದಲ್ಲಿ, ಬಿಳಿಯರ ಮುಖದ ಮೇಲೆ ಭಾವಕ್ಕೆ ತಕ್ಕಂತೆ ಓಡಾಡುವ ಕೆಂಪನ್ನು ಹೊಗಳಿ, ಕಪ್ಪು ಚರ್ಮ ಭಾವಗಳನ್ನು ಮುಚ್ಚುವ ಪರದೆ ಎಂಬಂತೆ ಬರೆದ. ನೂರಾರು ಗುಲಾಮರನ್ನು ಇಟ್ಟುಕೊಂಡಿದ್ದವನ ಮಾತು ಅದು. ತನ್ನ ಕಣ್ಣಿಗೆ ಕಾಣದ್ದನ್ನು ಎದುರಿನವರ ಎದೆಯಲ್ಲೇ ಇಲ್ಲವೆಂದು ತೀರ್ಮಾನಿಸುವುದು ಎಷ್ಟು ಸುಲಭವಾಗಿತ್ತು! ಷೇಕ್ಸ್‌ಪಿಯರನ ‘ಟೈಟಸ್ ಆಂಡ್ರೋನಿಕಸ್’ ನಾಟಕದ ಕಪ್ಪು ವರ್ಣದ ಆರನ್ ಈ ಮಾತನ್ನು ತಿರುಗಿಸಿ ಹಾಕುತ್ತಾನೆ. ಒಳಗಿನ ಗುಟ್ಟನ್ನು ರಟ್ಟು ಮಾಡುವ ಬಿಳಿ ಬಣ್ಣವೇ ದ್ರೋಹಿ ಎಂದು ಹಂಗಿಸುತ್ತಾನೆ.

ಕೆಂಪು ಕಾಣದಿದ್ದರೆ ನಾಚಿಕೆಯೇ ಇಲ್ಲ ಎಂಬ ವಾದಕ್ಕೆ ಬರ್ಜೆಸ್ ಕಂಡ ಒಂದು ಸಂಗತಿ ಅಂದೇ ಉತ್ತರವಾಗಬೇಕಿತ್ತು. ಕಪ್ಪು ಮಹಿಳೆಯೊಬ್ಬಳ ಮುಖದ ಮೇಲೆ ಗಾಯದ ಕಲೆಯಿತ್ತು, ಅಲ್ಲಿ ಚರ್ಮ ಬಣ್ಣ ಕಳೆದುಕೊಂಡಿತ್ತು. ಯಾರಾದರೂ ಅವಳನ್ನು ಹಠಾತ್ತನೆ ಮಾತನಾಡಿಸಿದರೆ, ಸಣ್ಣ ತಪ್ಪು ಹೊರಿಸಿದರೆ, ಆ ಕಲೆ ಕೆಂಪಾಗುತ್ತಿತ್ತು. ಸುತ್ತಲಿನ ಚರ್ಮದಡಿಯಲ್ಲೂ ರಕ್ತ ಹಾಗೆಯೇ ನುಗ್ಗುತ್ತಿತ್ತು, ಮೇಲಿದ್ದ ಮೆಲನಿನ್ ಅದನ್ನು ಮರೆಮಾಡಿತ್ತು, ಅಷ್ಟೇ. ಎಣ್ಣೆಗಪ್ಪು, ಗೋಧಿ ಬಣ್ಣಗಳ ನಮ್ಮ ಮುಖಗಳಲ್ಲಿ ನಡೆಯುವುದೂ ಇದೇ. ಕನ್ನಡಿಯಲ್ಲಿ ಏನೂ ಕಾಣದಿದ್ದರೂ ಕಿವಿ ಬಿಸಿಯಾದದ್ದು ಯಾರಿಗೆ ಗೊತ್ತಾಗುವುದಿಲ್ಲ?

ಕೆಂಪನ್ನು ಬಿಳಿ ಚರ್ಮದ ಮೇಲೆ ಮಾತ್ರ ಗುರುತಿಸಲು ಕಲಿತದ್ದರ ಫಲವನ್ನು ಆಸ್ಪತ್ರೆಗಳೂ ಉಣ್ಣುತ್ತಿವೆ. ಸೋಂಕು, ಉರಿಯೂತ, ಅಲರ್ಜಿಗಳ ಲಕ್ಷಣವೆಂದು ಪಠ್ಯಗಳು ಹೇಳುವ ಕೆಂಪು, ಕಪ್ಪು ಚರ್ಮದಲ್ಲಿ ನೇರಳೆಯಾಗಿಯೋ ಕಡುಕಂದಾಗಿಯೋ ಕಂಡೀತು, ಕಾಣದೆಯೂ ಇದ್ದೀತು. ಅದಕ್ಕೆಂದೇ ಲಂಡನ್ನಿನ ಸೇಂಟ್ ಜಾರ್ಜಸ್‌ನ ವೈದ್ಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ತನ್ನ ಇಬ್ಬರು ಅಧ್ಯಾಪಕರೊಂದಿಗೆ 2020ರಲ್ಲಿ ‘ಮೈಂಡ್ ದ ಗ್ಯಾಪ್’ ಎಂಬ ಕೈಪಿಡಿ ತಂದರು. ನಮ್ಮ ಹಳ್ಳಿಗಳ ಆರೋಗ್ಯ ಕಾರ್ಯಕರ್ತೆಯರು ಕೆನ್ನೆಯ ಬಣ್ಣ ನಂಬದೆ ಕೆಳರೆಪ್ಪೆ ಎಳೆದು, ನಾಲಿಗೆ ತೋರಿಸಲು ಹೇಳಿ ‘ರಕ್ತ ಕಮ್ಮಿ ಇದೆಯವ್ವ’ ಎನ್ನುವುದು ಇದೇ ಜಾಣತನ.

ಇಷ್ಟೆಲ್ಲ ಹೇಳಿದ ಮೇಲೂ, ಕೆಂಪಾಗುವ ಭಯದಲ್ಲಿ ಬದುಕುವವರ ಕಷ್ಟ ಸಣ್ಣದಲ್ಲ. ವೈದ್ಯರು ಇದನ್ನು ಎರಿಥ್ರೋಫೋಬಿಯಾ ಎನ್ನುತ್ತಾರೆ, ಬಹಳ ಮಟ್ಟಿಗೆ ಸಾಮಾಜಿಕ ಆತಂಕದ ಭಾಗವಾಗಿಯೇ ನೋಡುತ್ತಾರೆ. ಜಪಾನಿನಲ್ಲಿ ಇತರರ ಮುಂದೆ ಬರುವ ಆತಂಕಗಳ ಒಳಗೆ ಇದಕ್ಕೆ ಸೆಕಿಮೆನ್ ಕ್ಯೋಫು ಎಂಬ ಪ್ರತ್ಯೇಕ ಹೆಸರೇ ಇದೆ. ಇಂಥವರು ಸಭೆ ತಪ್ಪಿಸುತ್ತಾರೆ, ಬಡ್ತಿ ಬೇಡವೆನ್ನುತ್ತಾರೆ, ಕುತ್ತಿಗೆ ಮುಚ್ಚುವ ಬಟ್ಟೆ ಹುಡುಕುತ್ತಾರೆ. ಎದೆಗೂಡಿನೊಳಗೆ ಕೊಳವೆ ಇಳಿಸಿ ಅನುವೇದಕ ನರವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೊಂದಿದೆ. ಮುಖದ ಕೆಂಪು ಅನೇಕರಲ್ಲಿ ಕಡಿಮೆಯಾಗುತ್ತದೆ, ಆದರೆ ಬೆನ್ನು, ಹೊಟ್ಟೆ, ತೊಡೆಗಳಲ್ಲಿ ವಿಪರೀತ ಬೆವರು ಶುರುವಾಗಬಹುದು. ಕತ್ತರಿಸಿದ ನರವನ್ನು ಮತ್ತೆ ಮೊದಲಿನಂತೆ ಮಾಡುವುದು ಸುಲಭವಲ್ಲ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣದೆ ಯಾರೂ ನೇರವಾಗಿ ಈ ದಾರಿಗೆ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸುತ್ತಲಿನವರು ಮಾಡಬಹುದಾದದ್ದೂ ಇದೆ. ‘ಅಯ್ಯೋ, ಕೆಂಪಾಗಿಬಿಟ್ಯಲ್ಲೋ’ ಎಂದು ಹೇಳುವುದರಿಂದ ಕೆಂಪು ಇಮ್ಮಡಿಸುತ್ತದೆ. ಗಂಡುಹುಡುಗರನ್ನು ಇದಕ್ಕಾಗಿ ‘ಹೆಣ್ಣಿಗ’ ಎಂದು ಆಡಿಕೊಳ್ಳುವುದಂತೂ ಕ್ರೌರ್ಯ. ಡಾರ್ವಿನ್ ಒಂದು ಘಟನೆ ಬರೆದಿದ್ದಾನೆ. ಅತಿ ಸಂಕೋಚದ ಒಬ್ಬರ ಗೌರವಾರ್ಥ ಸಣ್ಣ ಊಟದ ಕೂಟ ಏರ್ಪಟ್ಟಿತ್ತು. ವಂದನೆ ಹೇಳಲು ಎದ್ದು ನಿಂತ ಅವರು, ಬಾಯಿಪಾಠ ಮಾಡಿದ್ದ ಭಾಷಣವನ್ನು ಒಂದು ಸ್ವರವೂ ಹೊರಡದೆ, ಕೈ ಆಡಿಸುತ್ತ ಭಾವಪೂರ್ಣವಾಗಿ ಮುಗಿಸಿದರು. ಏನಾಗಿದೆಯೆಂದು ಅರಿತ ಗೆಳೆಯರು ಅವರು ನಿಲ್ಲಿಸಿದಲ್ಲೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು. ತಾನು ಮಾತೇ ಆಡಿಲ್ಲವೆಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ. ಭಾಷಣ ಬಹಳ ಚೆನ್ನಾಗಿ ಆಯಿತೆಂದು ಆಮೇಲೆ ಗೆಳೆಯನೊಬ್ಬನಲ್ಲಿ ಹೇಳಿಕೊಂಡರು. ಅಂಥ ಗೆಳೆಯರು ಎಲ್ಲರಿಗೂ ಸಿಗುವುದಿಲ್ಲ.

ಹಾಗಾಗಿಯೇ ಚಿಕಿತ್ಸೆ. ನೆದರ್ಲೆಂಡ್ಸ್‌ನ ಸೂಸನ್ ಬೋಗೆಲ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕೆಂಪಾಗುವ ಭಯಕ್ಕೆಂದು ಗಮನವನ್ನು ಪಳಗಿಸುವ ಒಂದು ತರಬೇತಿ ರೂಪಿಸಿದರು. ಡಾರ್ವಿನ್ನನ ವಿವರಣೆಯಲ್ಲಿ ಉಳಿದು ನಿಂತ ಭಾಗ, ತನ್ನ ಮುಖದ ಮೇಲೆಯೇ ತನ್ನ ಗಮನ ನೆಡುವುದು ಕೆಂಪಿಗೆ ಇಂಬು ಕೊಡುತ್ತದೆ ಎಂಬುದು, ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲು ಭಯವಿಲ್ಲದ ಕಡೆ ಅಭ್ಯಾಸ. ನಡೆಯುವಾಗ ಸುತ್ತಲಿನ ಸದ್ದುಗಳನ್ನು ಕೇಳುವುದು, ಎದುರಿನವರು ಹೇಳಿದ ಕಥೆಯನ್ನು ಬಿಡದೆ ಆಲಿಸಿ ಅದರ ಸಾರ ತಿರುಗಿ ಹೇಳುವುದು. ಆಮೇಲೆ ಅದನ್ನೇ ಭಯವಿರುವ ಕಡೆ, ಸಭೆಯಲ್ಲಿ, ಅಂಗಡಿಯಲ್ಲಿ, ಹೊಸಬರ ಮುಂದೆ. ಕೆನ್ನೆ ಬಿಸಿಯಾದದ್ದು ತಿಳಿದರೆ ತಿಳಿಯಲಿ, ಗಮನವನ್ನು ಮತ್ತೆ ಆಡುತ್ತಿರುವ ಮಾತಿಗೆ ಎಳೆದು ತರಬೇಕು. ಕೆಂಪನ್ನು ಬಾರದಂತೆ ಮಾಡುತ್ತೇವೆಂದು ತರಬೇತಿ ನೀಡುವವರು ಹೇಳುವುದಿಲ್ಲ. ಕೆಂಪು ಬಂದಾಗಲೂ ಹೇಳಲು ಎದ್ದ ಮಾತನ್ನು ಹೇಳಿ ಮುಗಿಸಿಯೇ ಕೂರುವುದನ್ನು ಕಲಿಸುತ್ತಾರೆ.